ಎತ್ತಿ ಇಳಿಸಿದ ಕೈ

ದಿನದ ಧಮ್ಮ ಚಿಂತನೆ



ಈ ವಾರ ಬರೆಯುವ ಸರದಿ ನನ್ನದು ಎಂದು ಹಿರಿಯರು ನೆನಪಿಸಿದಾಗ ಪಂಚಶೀಲಗಳ ಬಗ್ಗೆ ಬರೆಯೋಣ ಅಂದುಕೊಂಡಿದ್ದೆ. ಆದರೆ ಇತ್ತೀಚೆಗೆ ನಮ್ಮ ಮನೆಯ ಊಟದ ಹೊತ್ತಿನಲ್ಲಿ ನಡೆದ ಒಂದು ಮಾತುಕತೆ ತಲೆಯಿಂದ ಇಳಿಯುತ್ತಿಲ್ಲ. ಅದು ಸಾಫ್ಟ್‌ವೇರ್ ಕೆಲಸಕ್ಕೆ ಸಂಬಂಧಿಸಿದ್ದು. ನಾನು ಕನ್ನಡ ಮೇಷ್ಟ್ರು. ಮೊಬೈಲಿನಲ್ಲಿ ಹಾಜರಿ ತುಂಬುವುದಕ್ಕೇ ಯಾರನ್ನಾದರೂ ಕರೆಯುವವನು. ಆದರೂ ಬರೆಯುತ್ತಿದ್ದೇನೆ. ನಮ್ಮ ಬಳಗದ ಎಷ್ಟೋ ಮನೆಗಳ ಮಕ್ಕಳು ಇವತ್ತು ಆ ಕೆಲಸದಲ್ಲಿದ್ದಾರೆ, ಇನ್ನೆಷ್ಟೋ ಮಕ್ಕಳು ಅದಕ್ಕಾಗಿ ಓದುತ್ತಿದ್ದಾರೆ. ಮತ್ತೆ, ಇದು ಕೊನೆಗೆ ಕಂಪ್ಯೂಟರಿನ ವಿಷಯವಲ್ಲ ಎಂಬುದು ಓದುತ್ತಾ ಹೋದಂತೆ ನಿಮಗೇ ತಿಳಿಯುತ್ತದೆ.

ನನ್ನ ಅಕ್ಕನ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿ ಮೂರು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಐದನೇ ತರಗತಿಯಿಂದ ಎಸ್ಸೆಸ್ಸೆಲ್ಸಿವರೆಗೆ ನಮ್ಮ ಮನೆಯಲ್ಲೇ ಇದ್ದು ಓದಿದವನು. ನಮ್ಮ ಕೇರಿಯಲ್ಲಿ ಎಂಜಿನಿಯರಿಂಗ್ ಮುಗಿಸಿದವರಲ್ಲಿ ಎರಡನೆಯವನು. ಆ ದಿನ ಊಟಕ್ಕೆ ಕೂತವನು ಮುದ್ದೆ ಮುರಿಯುತ್ತಾ ಸುಮ್ಮನಿದ್ದ. ಏನಾಯಿತೋ ಅಂದೆ. ವರ್ಷದ ಮೌಲ್ಯಮಾಪನ ಬಂದಿದೆ, ಕಡಿಮೆ ಕೊಟ್ಟಿದ್ದಾರೆ ಅಂದ. ಕೆಲಸ ಚೆನ್ನಾಗಿದೆ ಎಂದೇ ಬರೆದಿದ್ದಾರಂತೆ. ಆದರೆ ಟೀಂವರ್ಕ್ ಸಾಲದು, ಜೊತೆಯವರೊಂದಿಗೆ ಮಾತಾಡುವುದಿಲ್ಲ, ಸಹಾಯ ಕೇಳುವುದಿಲ್ಲ ಎಂದೂ ಬರೆದಿದ್ದಾರಂತೆ.

ನನಗೆ ತಟ್ಟನೆ ಸಿಟ್ಟು ಬಂತು. "ಜಾತಿ ಗೊತ್ತಾಗಿದೆಯೇನೋ ಅವರಿಗೆ?" ಅಂದೆ.

ಅವನು ಸ್ವಲ್ಪ ಹೊತ್ತು ಬಿಟ್ಟು, "ಗೊತ್ತಿಲ್ಲ ಮಾಮ. ಅದೇ ಕಷ್ಟ. ಗೊತ್ತಾಗೋದೇ ಇಲ್ಲ" ಅಂದ.

ಆಮೇಲೆ ನಡೆದದ್ದನ್ನು ಬಿಡಿಸಿ ಹೇಳಿದ. ಅವರ ಕೆಲಸದ ಕ್ರಮ ನನಗೆ ಅರ್ಥವಾದಷ್ಟು ಹೀಗಿದೆ. ಒಂದು ಸಾಫ್ಟ್‌ವೇರ್ ಎಂದರೆ ಸಾವಿರಾರು ಕಡತಗಳು. ಯಾರೊಬ್ಬರೂ ಅದನ್ನು ಪೂರ್ತಿ ಬರೆಯುವುದಿಲ್ಲ. ಪ್ರತಿಯೊಬ್ಬರೂ ಮೂಲದ ಒಂದು ಪ್ರತಿಯನ್ನು ತೆಗೆದುಕೊಂಡು ತಮ್ಮ ಭಾಗವನ್ನು ತಿದ್ದುತ್ತಾರೆ. ತಿದ್ದಿದ್ದನ್ನು ಮೂಲಕ್ಕೆ ಸೇರಿಸಿ ಎಂದು ಕೋರಿಕೆ ಕಳಿಸುತ್ತಾರೆ. ಸೇರಿಸುವ ಮೊದಲು ಜೊತೆಯವರು ಒಬ್ಬಿಬ್ಬರು ಅದನ್ನು ಸಾಲು ಸಾಲಾಗಿ ಓದಿ, ಇಲ್ಲಿ ಹೀಗೇಕೆ, ಇದು ತಪ್ಪು, ಇದನ್ನು ಹೀಗೆ ಬರೆಯಬಹುದಲ್ಲ ಎಂದು ಅಂಚಿನಲ್ಲಿ ಬರೆಯುತ್ತಾರೆ. ನಾವು ಉತ್ತರ ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಂತೆಯೇ, ಆದರೆ ಇಲ್ಲಿ ಮೇಷ್ಟ್ರು ವಿದ್ಯಾರ್ಥಿ ಎಂಬುದಿಲ್ಲ, ಎಲ್ಲರೂ ಎಲ್ಲರದನ್ನೂ ತಿದ್ದುತ್ತಾರೆ. ಇದಕ್ಕೆ ಕೋಡ್ ರಿವ್ಯೂ ಅನ್ನುತ್ತಾರೆ. ಇದೆಲ್ಲ ನಡೆಯುವುದು ಗಿಟ್ ಎಂಬ ಸಾಧನದ ಮೇಲೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಮಾಡಿದ್ದು ಲಿನಕ್ಸ್‌ಗಾಗಿ. ಜಗತ್ತಿನ ಎಲ್ಲೆಲ್ಲೋ ಕೂತ, ಒಬ್ಬರ ಮುಖ ಒಬ್ಬರು ನೋಡದ ಜನ ಒಂದೇ ಕೆಲಸವನ್ನು ಜೊತೆಯಾಗಿ ಮಾಡಬೇಕಿತ್ತು, ಅದಕ್ಕೆ.

ನಮ್ಮ ಹುಡುಗ ಮಾಡಿದ್ದೇನೆಂದರೆ, ತನ್ನ ಭಾಗವನ್ನು ಯಾರಿಗೂ ತೋರಿಸದೆ 11 ದಿನ ಇಟ್ಟುಕೊಂಡ. ಒಂದು ತಪ್ಪೂ ಇರಬಾರದು ಎಂದು ರಾತ್ರಿ ಎರಡರವರೆಗೆ ಕೂತು ತಿದ್ದಿದ. ನಡುವೆ ಒಂದು ಕಡೆ ಸಿಕ್ಕಿಹಾಕಿಕೊಂಡ. ಪಕ್ಕದ ಮೇಜಿನವರು ಹತ್ತು ನಿಮಿಷದಲ್ಲಿ ಹೇಳಬಹುದಾಗಿದ್ದ ವಿಷಯಕ್ಕೆ ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಅದೇ ಕಡತಗಳನ್ನು ಬೇರೆಯವರು ತಿದ್ದಿ ಸೇರಿಸಿಬಿಟ್ಟಿದ್ದರು. ಕೊನೆಗೆ ಇವನದನ್ನು ಸೇರಿಸಲು ಹೋದರೆ ಒಂದಕ್ಕೊಂದು ಹೊಂದಲಿಲ್ಲ. ಇಡೀ ತಂಡ ಎರಡು ರಾತ್ರಿ ಕೂತು ಬಿಡಿಸಬೇಕಾಯಿತು.

"ಅಲ್ಲ ಕಣೋ, ಪಕ್ಕದಲ್ಲಿದ್ದವರನ್ನ ಕೇಳೋಕೇನಾಗಿತ್ತು?"

"ಕೇಳಿದ್ರೆ ಇವನಿಗೆ ಬರಲ್ಲ ಅಂತಾರೆ ಮಾಮ. ಬೇರೆಯವರು ಕೇಳಿದ್ರೆ ಅವನೊಬ್ಬನಿಗೆ ಬರಲ್ಲ. ನಾನು ಕೇಳಿದ್ರೆ ಇವರಿಗೆ ಬರಲ್ಲ ಅಂತಾಗುತ್ತೆ."

"ಹಾಗಂತ ಯಾರು ಹೇಳಿದ್ರು ನಿನಗೆ?"

ಅವನು ತಲೆ ಎತ್ತಿ ನೋಡಿದ. "ನೀವೇ ಹೇಳಿದ್ದು."

ಹೌದು, ನಾನೇ ಹೇಳಿದ್ದು. ಒಂದು ಸಲವಲ್ಲ, ಆರು ವರ್ಷ ದಿನವೂ ಹೇಳಿದ್ದೇನೆ. ಲೆಕ್ಕ ಪೂರ್ತಿ ಸರಿಯಾಗದೆ ಸ್ಲೇಟು ತೋರಿಸಬೇಡ. ಅರ್ಧ ಗೊತ್ತಿದ್ದರೆ ಕೈ ಎತ್ತಬೇಡ. ಅವರು ತಪ್ಪು ಮಾಡಿದರೆ ಮರೆಯುತ್ತಾರೆ, ನಾವು ಮಾಡಿದರೆ ಮರೆಯುವುದಿಲ್ಲ. ಅವರ ಎರಡರಷ್ಟು ಓದು, ಯಾರ ಮುಂದೆಯೂ ಕೇಳುವ ಹಾಗೆ ಆಗಬಾರದು.

ಇದನ್ನು ನಾನು ಎಲ್ಲಿಂದ ಕಲಿತೆ ಎಂಬುದೂ ನೆನಪಿದೆ. ಏಳನೇ ತರಗತಿಯಲ್ಲಿ ಸಮಾಸದ ಪಾಠ ಅರ್ಥವಾಗದೆ ಎದ್ದು ನಿಂತು ಇನ್ನೊಮ್ಮೆ ಹೇಳಿ ಸರ್ ಅಂದಿದ್ದೆ. ನಿಮ್ಮವರಿಗೆ ವ್ಯಾಕರಣ ಯಾಕಯ್ಯಾ ಎಂದು ಅವರು ನಕ್ಕರು, ತರಗತಿಯೂ ನಕ್ಕಿತು. ಅವತ್ತು ಕೂತವನು ಎಂ.ಎ. ಮುಗಿಯುವವರೆಗೆ ತರಗತಿಯಲ್ಲಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವ್ಯಾಕರಣವನ್ನು ಹಟ ಹಿಡಿದು ಒಬ್ಬನೇ ಕಲಿತೆ. ಅದು ನನ್ನ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನೇ ಹುಡುಗನಿಗೆ ಕವಚದ ಹಾಗೆ ತೊಡಿಸಿ ಕಳಿಸಿದೆ. ಅದು ಅವನನ್ನು ಎಸ್ಸೆಸ್ಸೆಲ್ಸಿ ದಾಟಿಸಿತು, ಎಂಜಿನಿಯರಿಂಗ್ ದಾಟಿಸಿತು. ಈಗ ಕೈಕಾಲು ಆಡದ ಹಾಗೆ ಹಿಡಿದುಕೊಂಡಿದೆ.

ಬಂಧುಗಳೇ, ನನ್ನ ಮುಂದಿರುವ ಪ್ರಶ್ನೆ ಇದು. ಯಾರ ತಪ್ಪನ್ನು ತಲೆಮಾರುಗಳಿಂದ ಆಯುಧ ಮಾಡಿಕೊಂಡು ಹೊಡೆದಿದ್ದಾರೋ, ಅವರಿಗೆ ನಿನ್ನ ತಪ್ಪನ್ನು ಎಲ್ಲರ ಮುಂದೆ ಇಡು, ಅದೇ ಸಹಕಾರ ಎಂದು ಹೇಳುವುದು ನ್ಯಾಯವೇ?

ಸುಲಭವಾದ ಉತ್ತರಗಳು ಎರಡಿವೆ. ಕಾಲ ಬದಲಾಗಿದೆ, ಬೆರೆತು ಬಾಳು ಎನ್ನುವುದು ಒಂದು. ಯಾರನ್ನೂ ನಂಬಬೇಡ, ಒಬ್ಬನೇ ಗೆಲ್ಲು ಎನ್ನುವುದು ಇನ್ನೊಂದು. ಮೊದಲನೆಯದು ಸುಳ್ಳು. ಅಮೆರಿಕದ ಸಿಯಾಟಲ್ ನಗರ 2023ರ ಫೆಬ್ರವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿ ಕಾನೂನು ಮಾಡಿತು. ದೊಡ್ಡ ದೊಡ್ಡ ಸಾಫ್ಟ್‌ವೇರ್ ಕಂಪನಿಗಳ ಸೀಮೆ ಅದು. ಕಂಪ್ಯೂಟರಿನ ಜೊತೆಗೆ ಜಾತಿಯೂ ಸಮುದ್ರ ದಾಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎರಡನೆಯ ಉತ್ತರ ನನ್ನದೇ ಆಗಿತ್ತು. ಅದು ಎಲ್ಲಿಗೆ ತಂದಿದೆ ಎಂದು ಈಗ ನೋಡಿದೆನಲ್ಲ.

ಒಂಟಿತನದ ಬೆಲೆ ಏನೆಂಬುದಕ್ಕೆ ಹುಡುಗ ಒಂದು ಕಥೆ ಹೇಳಿದ, ಅವರ ತರಬೇತಿಯಲ್ಲಿ ಹೇಳಿಕೊಟ್ಟಿದ್ದಂತೆ. ಅಮೆರಿಕದ ನಾಸಾ ಮಂಗಳ ಗ್ರಹದ ಹವಾಮಾನ ನೋಡಲು ಒಂದು ನೌಕೆ ಕಳಿಸಿತ್ತು. 1999ರ ಸೆಪ್ಟೆಂಬರ್ 23ರಂದು ಮಂಗಳವನ್ನು ತಲುಪುವ ಹೊತ್ತಿಗೆ ಅದು ಇರಬೇಕಾದ್ದಕ್ಕಿಂತ ತುಂಬ ಕೆಳಗೆ ಹೋಗಿ ನಾಶವಾಯಿತು. ಕಾರಣ ನೋಡಿದರೆ, ಒಂದು ತಂಡದ ಸಾಫ್ಟ್‌ವೇರ್ ನೂಕುಬಲದ ಲೆಕ್ಕವನ್ನು ಪೌಂಡಿನ ಅಳತೆಯಲ್ಲಿ ಕೊಡುತ್ತಿತ್ತು. ಇನ್ನೊಂದು ತಂಡದ ಸಾಫ್ಟ್‌ವೇರ್ ಅದನ್ನು ನ್ಯೂಟನ್ ಎಂದುಕೊಂಡು ಓದುತ್ತಿತ್ತು. ಎರಡೂ ಕಡೆ ಕೂಡುವುದು ಕಳೆಯುವುದು ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಎರಡು ತಂಡಗಳ ನಡುವಿನ ಬೆಸುಗೆಯಲ್ಲಿ. ದಾರಿಯ ಲೆಕ್ಕ ನೋಡುತ್ತಿದ್ದವರಿಗೆ ಏನೋ ತಾಳೆಯಾಗುತ್ತಿಲ್ಲ ಎಂಬ ಅನುಮಾನ ಮೊದಲೇ ಬಂದಿತ್ತು. ಆದರೆ ಆ ಅನುಮಾನ ಹೋಗಬೇಕಾದ ದಾರಿಯಲ್ಲಿ, ಮುಟ್ಟಬೇಕಾದವರಿಗೆ ಮುಟ್ಟಲಿಲ್ಲ.

ಈ ಕಥೆ ಕೇಳಿ ನನಗೆ ವಿನಯಪಿಟಕದ ಒಂದು ಪ್ರಸಂಗ ನೆನಪಾಯಿತು. ನಮ್ಮ ಭಾನುವಾರದ ಓದಿನಲ್ಲಿ ಒಮ್ಮೆ ಬಂದಿತ್ತು. ಕೋಸಲದಲ್ಲಿ ಕೆಲವು ಭಿಕ್ಕುಗಳು ವರ್ಷಾವಾಸಕ್ಕೆ ಒಟ್ಟಿಗೆ ಸೇರುತ್ತಾರೆ. ಜಗಳವಿಲ್ಲದೆ ಮೂರು ತಿಂಗಳು ಕಳೆಯುವುದು ಹೇಗೆ? ಮಾತೇ ಆಡದಿದ್ದರೆ ಆಯಿತಲ್ಲ ಎಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ನೀರಿನ ಮಡಕೆ ಖಾಲಿಯಾದರೆ ತುಂಬಿಡುವುದು, ಭಾರವಾದರೆ ಕೈಸನ್ನೆ ಮಾಡಿ ಇನ್ನೊಬ್ಬರನ್ನು ಕರೆಯುವುದು, ಬಾಯಿ ಮಾತ್ರ ತೆರೆಯುವುದಿಲ್ಲ. ಮೂರು ತಿಂಗಳಾದ ಮೇಲೆ ಬುದ್ಧರ ಬಳಿ ಬಂದು ಹೆಮ್ಮೆಯಿಂದ ಹೇಳುತ್ತಾರೆ, ನಾವು ಒಂದು ಜಗಳವೂ ಇಲ್ಲದೆ ಸುಖವಾಗಿದ್ದೆವು ಎಂದು. ಬುದ್ಧರು ಮೆಚ್ಚಲಿಲ್ಲ. ಇದು ದನಕುರಿಗಳು ಒಂದೆಡೆ ಇದ್ದ ಹಾಗಾಯಿತೇ ಹೊರತು ಜೊತೆಬಾಳ್ವೆ ಅಲ್ಲ ಎಂದು ಗದರಿದರು. ಆ ಸಂದರ್ಭದಲ್ಲೇ ಪವಾರಣೆಯ ನಿಯಮ ಬಂದದ್ದು. ವರ್ಷಾವಾಸದ ಕೊನೆಯ ದಿನ ಪ್ರತಿಯೊಬ್ಬ ಭಿಕ್ಕುವೂ ಸಂಘದ ಮುಂದೆ ಕೈಮುಗಿದು, ನನ್ನಲ್ಲಿ ನೀವು ಕಂಡ, ಕೇಳಿದ, ಅನುಮಾನಿಸಿದ ದೋಷವಿದ್ದರೆ ಕರುಣೆಯಿಂದ ಹೇಳಿ, ತಿದ್ದಿಕೊಳ್ಳುತ್ತೇನೆ ಎಂಬರ್ಥದಲ್ಲಿ ಕೇಳಿಕೊಳ್ಳಬೇಕು, ಅದೂ ಮೂರು ಸಲ.

ಇದರಲ್ಲಿ ನಾವು ಗಮನಿಸದೆ ದಾಟಿಹೋಗುವ ಒಂದು ಮಾತಿದೆ. ಮೊದಲು ಕೇಳಿಕೊಳ್ಳಬೇಕಾದವನು ಹಿರಿಯ ಭಿಕ್ಕು. ಕಿರಿಯನ ಸರದಿ ಆಮೇಲೆ. ಅಷ್ಟೇ ಅಲ್ಲ, ಒಂದು ಪವಾರಣೆಯಂದು ಸ್ವತಃ ಬುದ್ಧರೇ ಭಿಕ್ಕುಗಳ ಮುಂದೆ ತಮ್ಮ ನಡೆನುಡಿಯಲ್ಲಿ ಏನಾದರೂ ತಪ್ಪು ಕಂಡಿದೆಯೇ ಎಂದು ಕೇಳಿದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ಮತ್ತೆ ಆ ಸಂಘದಲ್ಲಿ ಹಿರಿತನ ಎಂದರೆ ಹುಟ್ಟಿನದಲ್ಲ. ಕ್ಷೌರಿಕ ಉಪಾಲಿಗೆ ಶಾಕ್ಯ ರಾಜಕುಮಾರರಿಗಿಂತ ಮೊದಲು ದೀಕ್ಷೆ ಕೊಟ್ಟದ್ದು, ಅವರು ಅವನಿಗೆ ತಲೆಬಾಗಿ ಶಾಕ್ಯ ಕುಲದ ಗರ್ವ ಇಳಿಯಲಿ ಎಂದೇ. ಮೊದಲು ಮೇಲುಕೀಳು ಹೋಗಬೇಕು, ಆಮೇಲೆ ಹಿರಿಯನು ತನ್ನ ದೋಷವನ್ನು ಕೇಳಬೇಕು. ಹೀಗಾದ ಕಡೆ ಮಾತ್ರ ಕಿರಿಯನು ತನ್ನ ತಪ್ಪನ್ನು ತೋರಿಸುವುದು ಅವಮಾನವಾಗುವುದಿಲ್ಲ.

ಹಾಗಾದರೆ ಹುಡುಗನ ಮೌಲ್ಯಮಾಪನ ಬರೆದವರನ್ನು ನಾನು ಒಂದು ಪ್ರಶ್ನೆ ಕೇಳಬಹುದು. ಸಹಾಯ ಕೇಳುವುದಿಲ್ಲ ಎಂದು ಬರೆದಿರಲ್ಲ ಸ್ವಾಮಿ, ನೀವು ಎಂದಾದರೂ ಅವನ ಮುಂದೆ ನಿಮ್ಮ ತಪ್ಪು ಹೇಳಿಕೊಂಡಿದ್ದೀರಾ? ಅವನ ಬಳಿ ಒಮ್ಮೆಯಾದರೂ ಸಹಾಯ ಕೇಳಿದ್ದೀರಾ? ತಂಡವನ್ನು ತಂಡವಾಗಿ ಮಾಡುವ ಹೊಣೆ ಮೊದಲು ಮೇಲಿರುವವರದು.

ಆದರೆ ನಮ್ಮ ಪಾಲಿನದು ಏನೂ ಇಲ್ಲವೇ? ಇಲ್ಲಿ ನನಗೆ ಬಾಬಾಸಾಹೇಬರೇ ದಾರಿ ತೋರಿಸಬೇಕಾಯಿತು.

ಟಿ.ಟಿ. ಕೃಷ್ಣಮಾಚಾರಿಯವರು 1948ರ ನವೆಂಬರ್ 5ರಂದು ಸಂವಿಧಾನ ಸಭೆಯಲ್ಲಿ ಆಡಿದ ಮಾತು ನಮಗೆಲ್ಲ ಬಾಯಿಪಾಠ. ಕರಡು ಸಮಿತಿಯ ಏಳು ಜನರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಒಬ್ಬರು ತೀರಿಕೊಂಡರು, ಒಬ್ಬರು ಅಮೆರಿಕದಲ್ಲಿದ್ದರು, ಹೀಗಾಗಿ ಭಾರವೆಲ್ಲ ಅಂಬೇಡ್ಕರರ ಮೇಲೆ ಬಿತ್ತು ಎಂದು ಅವರು ಸಭೆಗೆ ತಿಳಿಸಿದರು. ಏಪ್ರಿಲ್ 14ರ ಭಾಷಣಗಳಲ್ಲಿ ನಾನೂ ಇದನ್ನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ಎದೆ ಉಬ್ಬುತ್ತದೆ. ಆದರೆ ಬಾಬಾಸಾಹೇಬರು 1949ರ ನವೆಂಬರ್ 25ರಂದು ತಮ್ಮ ಕೊನೆಯ ಭಾಷಣದಲ್ಲಿ ಇದೇ ವಿಷಯಕ್ಕೆ ಏನು ಹೇಳಿದರು ಎಂಬುದನ್ನು ನಾವು ಅಷ್ಟು ಹೇಳುವುದಿಲ್ಲ. ನನಗೆ ಕೊಡುತ್ತಿರುವ ಶ್ರೇಯಸ್ಸು ಪೂರ್ತಿ ನನ್ನದಲ್ಲ ಎಂದರು ಅವರು. ಮೊದಲ ಒರಟು ಕರಡು ಸಿದ್ಧಮಾಡಿದ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್ ಅವರ ಹೆಸರು ಹೇಳಿದರು. ಸಮಿತಿಯ ಜೊತೆಗಾರರನ್ನು ನೆನೆದರು. ಇನ್ನೂ ಹೆಚ್ಚಿನ ಪಾಲು ಮುಖ್ಯ ಕರಡುಗಾರರಾದ ಎಸ್.ಎನ್. ಮುಖರ್ಜಿಯವರದು, ಜಟಿಲ ವಿಷಯವನ್ನು ತಿಳಿಯಾದ ಕಾನೂನು ಭಾಷೆಗೆ ತರುವ ಅವರ ಶಕ್ತಿ ದೊಡ್ಡದು ಎಂದರು. ನಡುರಾತ್ರಿ ದಾಟಿ ದುಡಿದ ಕಚೇರಿ ಸಿಬ್ಬಂದಿಯನ್ನೂ ಬಿಡಲಿಲ್ಲ.

ಇನ್ನೊಂದು ವಿಷಯ. ಅವರ ಕರಡು 11 ದಿನ ಪೆಟ್ಟಿಗೆಯಲ್ಲಿರಲಿಲ್ಲ. 1948ರ ಫೆಬ್ರವರಿಯಲ್ಲೇ ಅಚ್ಚಾಗಿ ದೇಶದ ಮುಂದೆ ಬಂತು. ತಿಂಗಳುಗಟ್ಟಲೆ ಯಾರು ಬೇಕಾದರೂ ಓದಿ ಟೀಕಿಸಬಹುದಿತ್ತು. ಸಭೆಗೆ ಬಂದ ಮೇಲೆ ಸೂಚಿಸಲಾದ ತಿದ್ದುಪಡಿಗಳು ಸುಮಾರು 7,635. ಅವುಗಳಲ್ಲಿ ಸಭೆಯಲ್ಲಿ ಮಂಡನೆಯಾದವು 2,473. ಒಂದೊಂದಕ್ಕೂ ನಿಂತು ಉತ್ತರ ಕೊಡಬೇಕಿತ್ತು. ಕೆಲವನ್ನು ಒಪ್ಪಿದರು, ಅನೇಕವನ್ನು ತಳ್ಳಿದರು. ಹುಡುಗನಿಗೆ ಈ ಲೆಕ್ಕ ಹೇಳಿದಾಗ, "ಎರಡೂವರೆ ಸಾವಿರ ರಿವ್ಯೂ ಕಾಮೆಂಟಾ ಮಾಮ!" ಎಂದು ಬಾಯಿ ಬಿಟ್ಟ.

ಆ ಕೊನೆಯ ಭಾಷಣದಲ್ಲಿ ಅವರು ತಮ್ಮನ್ನು ಪದೇ ಪದೇ ಎದುರಿಸಿದ ಸದಸ್ಯರಿಗೂ ಕೃತಜ್ಞತೆ ಹೇಳಿದ್ದಾರೆ. ಎಲ್ಲರೂ ತಲೆಯಾಡಿಸಿದ್ದರೆ ಸಭೆ ಸಪ್ಪೆಯಾಗುತ್ತಿತ್ತು, ಅವರ ಸಲಹೆಗಳನ್ನು ನಾನು ಒಪ್ಪದಿದ್ದ ಮಾತ್ರಕ್ಕೆ ಅವುಗಳ ಬೆಲೆ ಕಡಿಮೆಯಾಗುವುದಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಯೋಚಿಸಿ ನೋಡಿ. ಬರೋಡದಲ್ಲಿ ಜವಾನರು ಕಡತವನ್ನು ದೂರದಿಂದ ಎಸೆಯುತ್ತಿದ್ದುದನ್ನು ಉಂಡವರು ಅವರು. ತಪ್ಪು ಹುಡುಕುವವರ ಕಣ್ಣು ಹೇಗಿರುತ್ತದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಕರಡನ್ನು ಮುಂದಿಟ್ಟರು. ಏಕೆಂದರೆ ಅವರಿಗೆ ತಮ್ಮ ಮಾನಕ್ಕೂ ತಮ್ಮ ಕರಡಿಗೂ ಇರುವ ವ್ಯತ್ಯಾಸ ಸ್ಪಷ್ಟವಾಗಿತ್ತು. ಕರಡಿನಲ್ಲಿ ತಪ್ಪಿದ್ದರೆ ಕರಡನ್ನು ತಿದ್ದಬೇಕು. ಮಾನ ಯಾರ ತಿದ್ದುಪಡಿಗೂ ಒಳಪಟ್ಟದ್ದಲ್ಲ.

ನಾನು ಹುಡುಗನಿಗೆ ಕಲಿಸಬೇಕಿದ್ದದ್ದು ಈ ವ್ಯತ್ಯಾಸವನ್ನು. ಅದನ್ನು ಬಿಟ್ಟು, ಎರಡೂ ಒಂದೇ ಎಂದು ಕಲಿಸಿದೆ.

ಇಲ್ಲಿ ಒಂದು ಎಚ್ಚರ ಹೇಳಬೇಕು. ಸಹಕಾರ ಎಂದರೆ ಹೊಂದಿಕೊಂಡು ಹೋಗುವುದು ಎಂದು ನಮಗೆ ಬೋಧಿಸುವವರು ಬಹಳ. ಕೆಟ್ಟ ಮಾತು ಬಂದರೆ ನಕ್ಕುಬಿಡು, ಮೀಸಲಾತಿಯ ಕುಹಕ ಬಂದರೆ ಕಿವುಡನಾಗು, ಇಲ್ಲದಿದ್ದರೆ ಟೀಂವರ್ಕ್ ಕಡಿಮೆ ಎನ್ನುತ್ತಾರೆ. ಅದು ಮೈತ್ರಿಯಲ್ಲ, ಹಳೆಯ ಊರಿನ ಶಿಸ್ತು. ಊರಿನಲ್ಲೂ ಕೆಲಸಗಳೆಲ್ಲ ಒಂದಕ್ಕೊಂದು ಹೊಂದಿಕೊಂಡೇ ಇದ್ದವು. ಚಮ್ಮಾರಿಕೆ ಒಬ್ಬರದು, ಕುಂಬಾರಿಕೆ ಒಬ್ಬರದು, ಸತ್ತ ದನ ಎಳೆಯುವುದು ನಮ್ಮದು. ಅದನ್ನೇ ಸಹಕಾರ ಎಂದು ಹೊಗಳಿದವರಿಗೆ ಬಾಬಾಸಾಹೇಬರು 1936ರ ಜಾತಿ ವಿನಾಶದಲ್ಲಿ ಉತ್ತರ ಕೊಟ್ಟಿದ್ದಾರೆ. ಜಾತಿ ಹಂಚಿದ್ದು ಬರೀ ಕೆಲಸವನ್ನಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡಿ ಮೇಲೆ ಕೆಳಗೆ ಜೋಡಿಸಿತು ಎಂದು. ಕೋಡನ್ನು ಟೀಕಿಸಿದರೆ ಕೇಳಿಸಿಕೊಳ್ಳಬೇಕು. ಹುಟ್ಟನ್ನು ಟೀಕಿಸಿದರೆ ಲಿಖಿತವಾಗಿ ದೂರು ಕೊಡಬೇಕು. ಎರಡನ್ನೂ ಮಾಡಬಲ್ಲವನೇ ಒಳ್ಳೆಯ ಜೊತೆಗಾರ.

ಆದರೆ ಯಾವುದು ಯಾವುದೆಂದು ತಿಳಿಯುವುದು ಹೇಗೆ? ಗೊತ್ತಾಗೋದೇ ಇಲ್ಲ ಎಂದು ಹುಡುಗ ಹೇಳಿದ್ದು ಈ ಕಾರಣಕ್ಕೇ. ಇದಕ್ಕೆ ಉಪಾಯವನ್ನು ಕೊನೆಗೆ ಅವನೇ ಕಂಡುಕೊಂಡ. ಕೋಡ್ ರಿವ್ಯೂನಲ್ಲಿ ಎಲ್ಲವೂ ಬರಹದಲ್ಲಿರುತ್ತದೆ, ಎಲ್ಲರಿಗೂ ಕಾಣುತ್ತದೆ, ಅಳಿಸಿಹೋಗುವುದಿಲ್ಲ. ತಂಡದ ಒಬ್ಬ ಹಿರಿಯರು ಇವನ ಕೆಲಸದ ಮೇಲೆ ಖಾರವಾಗಿ ಬರೆಯುತ್ತಿದ್ದರಂತೆ. ಇವನು ಒಂದು ಸಂಜೆ ಕೂತು ಅವರು ಬೇರೆಯವರಿಗೆ ಬರೆದದ್ದನ್ನೆಲ್ಲ ಓದಿದ. ಅವರು ಎಲ್ಲರಿಗೂ ಅಷ್ಟೇ ಖಾರ. ಅವರ ಕೋಡಿನ ಮೇಲೆ ಬೇರೆಯವರೂ ಅಷ್ಟೇ ಖಾರವಾಗಿ ಬರೆದಿದ್ದರು, ಅವರು ಒಪ್ಪಿ ತಿದ್ದಿಕೊಂಡಿದ್ದರು. ಇನ್ನೊಬ್ಬರು ಇದ್ದಾರೆ, ಮಾತು ಬೆಣ್ಣೆ. ಆದರೆ ಇವನು ಕಳಿಸಿದ ಕೋರಿಕೆಗಳನ್ನು ಮಾತ್ರ ದಿನಗಟ್ಟಲೆ ತೆರೆಯುವುದಿಲ್ಲ. ಅದೂ ದಿನಾಂಕದ ಸಮೇತ ದಾಖಲೆಯಲ್ಲಿದೆ. "ನಾನು ಹೆದರಬೇಕಿದ್ದದ್ದು ಖಾರದವರಿಗಲ್ಲ ಮಾಮ" ಅಂದ. ಆ ಎರಡನೆಯವರ ವಿಷಯ ಏನು ಮಾಡುವುದೆಂದು ಇನ್ನೂ ಯೋಚಿಸುತ್ತಿದ್ದಾನೆ. ದಿನಾಂಕಗಳನ್ನು ಬರೆದಿಟ್ಟುಕೋ ಎಂದು ಹೇಳಿದ್ದೇನೆ.

ಹೋದ ವಾರ ಅವನು ಅರ್ಧ ಮುಗಿದ ಕೆಲಸವನ್ನು ಮೊದಲ ಬಾರಿಗೆ ಎಲ್ಲರ ಮುಂದಿಟ್ಟ. ಮೇಲೆ ಒಂದು ಸಾಲು ಬರೆದಿದ್ದನಂತೆ, ಇದು ಪೂರ್ತಿಯಾಗಿಲ್ಲ, ಇಂಥ ಕಡೆ ನನಗೆ ದಾರಿ ಕಾಣುತ್ತಿಲ್ಲ ಎಂದು. ಬರೆದು ಕಳಿಸುವ ಗುಂಡಿ ಒತ್ತುವ ಮೊದಲು ಇಪ್ಪತ್ತು ನಿಮಿಷ ಕೂತಿದ್ದೆ ಅಂದ. 14 ಟಿಪ್ಪಣಿ ಬಂದವಂತೆ. ಖಾರದವರದೇ ಒಂಬತ್ತು. ಸಂಜೆಯೊಳಗೆ ಕೆಲಸ ಮುಗಿಯಿತು.

ಇನ್ನು ನನ್ನದು. ಮೊನ್ನೆ ಒಂಬತ್ತನೇ ತರಗತಿಯಲ್ಲಿ ಸಂಧಿ ಪಾಠ. ಹಲಗೆಯ ಮೇಲೆ ಉದಾಹರಣೆ ಬರೆಯುತ್ತಾ ಆಗಮ ಸಂಧಿಯ ಸಾಲಿನಲ್ಲಿ ಮಳೆಗಾಲ ಎಂದು ಬರೆದುಬಿಟ್ಟಿದ್ದೆ. ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವುದು ಆದೇಶ ಸಂಧಿ. ಇಪ್ಪತ್ತು ವರ್ಷ ಹೇಳಿಕೊಟ್ಟದ್ದು, ಏನೋ ಗಮನ ತಪ್ಪಿತು. ತಿರುಗಿ ನೋಡಿದಾಗ ಕೊನೆಯ ಬೆಂಚಿನ ಒಂದು ಹುಡುಗಿ ಕೈಯನ್ನು ಭುಜದವರೆಗೆ ಎತ್ತಿ, ನಾನು ನೋಡಿದೆನೆಂದು ಇಳಿಸಿಬಿಟ್ಟಳು. ಜಡೆ ಸರಿಮಾಡಿಕೊಂಡಂತೆ ಮಾಡಿದಳು.

ಬೇರೆ ದಿನವಾಗಿದ್ದರೆ ಪಾಠ ಮುಂದುವರಿಸುತ್ತಿದ್ದೆ. ಅವತ್ತು, "ಹೇಳಮ್ಮ, ಹಲಗೆಯ ಮೇಲೆ ಏನೋ ತಪ್ಪಾಗಿದೆ ಅಲ್ವಾ?" ಅಂದೆ. ಅವಳು ಎದ್ದು ನಿಂತು, ಕೇಳಿಸದಷ್ಟು ಮೆಲ್ಲಗೆ, "ಮಳೆಗಾಲ ಸರ್" ಅಂದಳು. ಅಳಿಸಿದೆ, ಸರಿಯಾದ ಸಾಲಿನಲ್ಲಿ ಬರೆದೆ, ನನಗೆ ತಪ್ಪಾಗಿತ್ತು ಮಕ್ಕಳೇ ಅಂದೆ. ಯಾರೂ ನಗಲಿಲ್ಲ.

ಕೋಣೆಗೆ ಬಂದು ಕೂತಾಗ ಸಂಕಟವಾಯಿತು. ಈ ಇಪ್ಪತ್ತು ವರ್ಷದಲ್ಲಿ ಇಂಥ ಎಷ್ಟು ಕೈಗಳು ಭುಜದವರೆಗೆ ಬಂದು ಇಳಿದಿದ್ದಾವೋ? ಏಳನೇ ತರಗತಿಯಲ್ಲಿ ನನ್ನನ್ನು ಕೂರಿಸಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ನಕ್ಕು ಕೂರಿಸುವುದು ಒಂದೇ ದಾರಿಯಲ್ಲ. ಎಂದೂ ತಪ್ಪೇ ಮಾಡದವನಂತೆ ನಿಂತರೂ ಮಕ್ಕಳು ಕೂತುಬಿಡುತ್ತಾರೆ.

ಇವತ್ತಿನ ಅಭ್ಯಾಸ: ಮನೆಯಲ್ಲಾಗಲಿ, ಕೆಲಸದಲ್ಲಾಗಲಿ, ನಮ್ಮ ಬಳಗದಲ್ಲೇ ಆಗಲಿ, ನಿಮಗಿಂತ ಕಿರಿಯರಾದ ಒಬ್ಬರನ್ನು ಆರಿಸಿಕೊಳ್ಳಿ. ನನ್ನಲ್ಲಿ ಏನು ತಿದ್ದಿಕೊಳ್ಳಬೇಕು ಹೇಳು ಎಂದು ಕೇಳಿ. ಮೊದಲ ಸಲ ಯಾರೂ ಹೇಳುವುದಿಲ್ಲ. ಅದಕ್ಕೇ ಪವಾರಣೆಯಲ್ಲಿ ಮೂರು ಸಲ ಕೇಳುತ್ತಾರೆಂದು ಕಾಣುತ್ತದೆ.

ಈ ಬರಹದಲ್ಲಿ ತಪ್ಪು ಕಂಡರೆ ಗುಂಪಿನಲ್ಲೇ ಬರೆಯಿರಿ, ನನಗೊಬ್ಬನಿಗೇ ಕಳಿಸುವುದು ಬೇಡ.

ಭವತು ಸಬ್ಬ ಮಂಗಲಂ. ಜೈ ಭೀಮ್.